ಮುನ್ನೂರಕ್ಕೆ ಇಳಿಸಿದ ಓಟ

ತಿಥಿ ಮುಗಿದ ಮಾರನೆಯ ಬೆಳಿಗ್ಗೆ ನಾನು ಮತ್ತು ಸೊಸೆ ಸ್ಟುಡಿಯೊ ಬಾಗಿಲು ತೆಗೆದೆವು. ಮನೆಯಲ್ಲಿ ಸಾವಾದರೆ ಅಂಗಡಿಯ ಮೇನ್ ಸ್ವಿಚ್ ಆರಿಸಿ ಬೀಗ ಹಾಕುವುದು, ತಿಥಿಯವರೆಗೆ ಅಲ್ಲಿ ದೀಪ ಹತ್ತದಂತೆ ನೋಡಿಕೊಳ್ಳುವುದು ನಮ್ಮ ಮನೆತನದ ರೂಢಿ. ಯಜಮಾನರನ್ನು ಮಣ್ಣು ಮಾಡಿ ಬಂದ ಸಂಜೆ ಆ ಸ್ವಿಚ್ಚನ್ನು ಕೆಳಗಿಳಿಸಿದವಳು ನಾನೇ. ಈಗ ಮೇಲಕ್ಕೆತ್ತಿದೆ. ಟ್ಯೂಬ್‌ಲೈಟ್ ಎರಡು ಸಲ ಕಣ್ಣು ಮಿಟುಕಿಸಿ ಹತ್ತಿಕೊಂಡಿತು.

ಯಜಮಾನರು ಹೋದದ್ದು ಎದೆನೋವಿನಿಂದ. ಆಸ್ಪತ್ರೆಯ ಗೇಟು ದಾಟುವುದರೊಳಗೆ ಮುಗಿದಿತ್ತು. ಅದರ ಬಗ್ಗೆ ಹೇಳಲು ನನ್ನ ಹತ್ತಿರ ಇಷ್ಟೇ ಇದೆ. ಅಳಲಿಲ್ಲ ಎಂದು ನೆಂಟರು ಆಡಿಕೊಂಡರು. ಬರಲಿಲ್ಲ, ಅಳಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಇತ್ತು ಮೈಯೆಲ್ಲ.

ಕಂಪ್ಯೂಟರ್ ಹಾಕಿದರೆ ಅದು ನೆಟ್ಟಗೆ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೋ ಕೇಳಿತು. ಸೊಸೆ ಯಾವುದೋ ಗುಂಡಿ ಒತ್ತಿ ಮುಂದೆ ಹೋದಳು. ಎದ್ದ ಮೇಲೆ ನೋಡಿದರೆ ಮೂಲೆಯಲ್ಲಿದ್ದ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿದೆ. ಆ ಮದರ್‌ಬೋರ್ಡು ಹುಟ್ಟಿದ ವರ್ಷ ಇರಬೇಕು. ಆ ದಿನಾಂಕದಲ್ಲಿ ಯಜಮಾನರು ಬದುಕಿದ್ದರು, ನನ್ನ ಮಂಡಿ ಚೆನ್ನಾಗಿತ್ತು. ತಿದ್ದು ಎಂದೆ. ತಿದ್ದಿದಳು.

ಕುಶಾಲನಗರದಲ್ಲಿ ನಮ್ಮದು ಮದುವೆ ವಿಡಿಯೊ ಮಾಡುವ ಚಿಕ್ಕ ಸ್ಟುಡಿಯೊ. ಚಿತ್ರ ತೆಗೆಯುವುದು ಯಜಮಾನರ ಕೆಲಸ, ಕತ್ತರಿಸಿ ಜೋಡಿಸುವುದು ಸೊಸೆಯದು. ಜೋಡಿಸಿ ಆದ ಮೇಲೆ ಅದನ್ನೆಲ್ಲ ಒಂದೇ ಫೈಲಾಗಿ ಇಳಿಸಲು ರೆಂಡರ್ ಹಾಕಿ ಕಾಯುವುದು ನನ್ನದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಕ್ಷರ ಗುರುತು ಹಿಡಿಯುತ್ತೇನೆ, ಅಂಕಿ ಓದುತ್ತೇನೆ, ಉಳಿದದ್ದು ಯಾವ ಗುಂಡಿ ಎಲ್ಲಿದೆ ಎಂದು ಜಾಗದಿಂದ ತಿಳಿಯುತ್ತದೆ. ಅನ್ನ ಬೇಯುತ್ತಿದೆಯೋ ಇಲ್ಲವೋ ಎಂದು ನೋಡಲು ಇಂಗ್ಲಿಷ್ ಬೇಡ. ರೆಂಡರ್ ನೋಡುವುದೂ ಹಾಗೆಯೇ.

ಬಾಕಿ ಇದ್ದದ್ದು ಒಂದೇ ಮದುವೆ. ಯಜಮಾನರು ತೆಗೆದ ಕೊನೆಯದು. ಅವರು ಹೋಗುವ ಮುಂಚೆಯೇ ಸೊಸೆ ಜೋಡಿಸಿ ಮುಗಿಸಿದ್ದಳು. ರೆಂಡರ್ ಹಾಕಿದೆ. ಎಷ್ಟಾಯಿತು ಎಂದು ಪರದೆಯಲ್ಲಿ ತೋರಿಸುವ ಪಟ್ಟಿ ಮುಂದೆ ಹೋಗುವ ರೀತಿ ನೋಡಿಯೇ ಇದು ನಮ್ಮ ಕಂಪ್ಯೂಟರ್ ಪೆಟ್ಟಿಗೆಯ ನಡಿಗೆ ಅಲ್ಲ ಎನಿಸಿತು. ಬೆಳಗಿನ ಕಾಫಿಯಿಂದ ಊಟದವರೆಗೆ ಮಂಟಪದ ಬಾಗಿಲನ್ನೇ ದಾಟಿರಲಿಲ್ಲ.

ಅಷ್ಟರಲ್ಲಿ ಹೆಣ್ಣಿನ ತಾಯಿ ಬಂದರು. ಅಮ್ಮತ್ತಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅವರ ಗಂಡ ರೈಟರ್. ಆಳುಗಳ ಹಾಜರಿ ಹಿಡಿಯುವುದು, ಪಿಕಿಂಗ್ ತೂಕ ನೋಡುವುದು ಅವರ ಕೆಲಸ. ಮಗಳ ಮದುವೆಯ ವಾರವೇ ಹುಷಾರು ತಪ್ಪಿ ಮೈಸೂರಿನ ಆಸ್ಪತ್ರೆ ಸೇರಿದ್ದರು. ಮದುವೆ ನಿಲ್ಲಿಸಬೇಡಿ ಎಂದು ಅವರೇ ಹೇಳಿ, ತಮ್ಮನನ್ನು ತಮ್ಮ ಜಾಗದಲ್ಲಿ ಕೂರಿಸಿ ಧಾರೆ ಎರೆಸಿದ್ದರು.

"ಅಕ್ಕ, ನಿಮ್ಮನೇಲಿ ಹಿಂಗಾಗಿರುವಾಗ ಬಂದು ಕೇಳ್ಬಾರ್ದು," ಎಂದರು ಆಕೆ, ನಿಂತುಕೊಂಡೇ.

"ಬಂದಾಯ್ತಲ್ಲ, ಕೇಳಿ. ಕೂತ್ಕೊಳಿ ಮೊದ್ಲು."

"ಇವ್ರನ್ನ ಮನೆಗೆ ಕರ್ಕೊಂಡ್ಬಂದಿದೀವಿ. ಇನ್ನು ಇಲ್ಲೇನೂ ಮಾಡಕ್ಕಾಗಲ್ಲ, ಮನೇಲಿ ಇಟ್ಕೊಳಿ ಅಂದ್ರು ಡಾಕ್ಟ್ರು. ಬೆಳಿಗ್ಗೆ ಹೊತ್ತು ಮಾತಾಡ್ತಾರೆ, ಮಧ್ಯಾಹ್ನದ ಮೇಲೆ ಜ್ಞಾನ ಇರಲ್ಲ. ಮದ್ವೆ ತೋರ್ಸು, ಮದ್ವೆ ತೋರ್ಸು ಅಂತಾರೆ. ನೀವು ಕೊಟ್ಟ ಪೆನ್ ಡ್ರೈವ್ ಟಿವಿಗೆ ಹಾಕಿದ್ರೆ ಓದಲ್ಲ ಅಂತದೆ."

ಅದು ಯಜಮಾನರು ಇದ್ದಾಗ ಕೊಟ್ಟದ್ದು. ಕ್ಯಾಮೆರಾದಿಂದ ಹಾಗೇ ಇಳಿಸಿದ ತುಣುಕುಗಳು. ಮನೆಯ ಟಿವಿ ಅದನ್ನು ಓದುವುದಿಲ್ಲ.

"ಫೋನಲ್ಲಿ ಯಾರೂ ತೆಗ್ದಿಲ್ವಾ?" ಸೊಸೆ ಕೇಳಿದಳು.

"ಊಟದ್ದಿದೆ, ಸೆಲ್ಫಿ ಇದೆ. ಧಾರೆದು ಒಂದೂ ಇಲ್ಲ. ನಿಮ್ಮಾವ ಬಿಟ್ರೆ ತಾನೆ? ಫೋನ್ ಹಿಡ್ಕೊಂಡು ಬಂದೋರಿಗೆಲ್ಲ ಬೈದು ಹಿಂದಕ್ಕೆ ತಳ್ಳಿದ್ರು."

ಅದು ನಿಜ. ಫೋನ್ ಹಿಡಿದವರನ್ನು ಕಂಡರೆ ಅವರಿಗೆ ನೊಣ ಕಂಡ ಹಾಗೆ. ಮಂಟಪದ ಮುಂದೆ ತಾನೊಬ್ಬನೇ ನಿಲ್ಲಬೇಕು.

"ಧಾರೆ ಅಷ್ಟೇ ಮೊದ್ಲು ಮಾಡ್ಕೊಡ್ಲಾ?" ಎಂದಳು ಸೊಸೆ.

ಆಕೆ ತಲೆ ಅಲ್ಲಾಡಿಸಿದರು. "ನಾನೂ ಹೇಳ್ದೆ. ಚಪ್ಪರದಿಂದ ಬೇಕಂತೆ. ಬೆಳಿಗ್ಗೆ ಹಾಜರಿ ಹಿಡೀದೆ ಸಾಯಂಕಾಲ ತೂಕಕ್ಕೆ ಬಂದು ನಿಂತ್ರೆ ಅದು ಕೆಲ್ಸ ಆಯ್ತದಾ ಅಂತ ನಂಗೇ ಬೈದ್ರು."

ಯಾವಾಗ ಕೊಡುತ್ತೀರಿ ಎಂದು ಆಕೆ ಕೇಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಅಕ್ಕ, ನಿಮಗೆ ಅಳು ಬಂತಾ?" ಎಂದರು.

"ಇಲ್ಲ."

"ನಂಗೂ ಬರ್ತಿಲ್ಲ," ಎಂದು ಬಸ್ ಸ್ಟ್ಯಾಂಡಿನ ಕಡೆಗೆ ಹೋದರು.

ಮೇ ತಿಂಗಳು. ದಿನಾ ಸಂಜೆ ಗಾಳಿ ಎದ್ದು ಎಲ್ಲಾದರೂ ಒಂದು ಮರ ತಂತಿಯ ಮೇಲೆ ಬೀಳುತ್ತಿತ್ತು. ಕರೆಂಟ್ ಹೋದರೆ ಬರುವುದು ಬೆಳಗಾದ ಮೇಲೆ. ನಮ್ಮ ಯುಪಿಎಸ್ಸು ಕಂಪ್ಯೂಟರನ್ನು ನೆಟ್ಟಗೆ ಮುಚ್ಚುವಷ್ಟು ಹೊತ್ತು ತಡೆಯುತ್ತದೆ, ಅಷ್ಟೇ. ಆ ಸಂಜೆಯೂ ಕರೆಂಟ್ ಹೋಯಿತು, ಇಡೀ ದಿನದ ರೆಂಡರ್ ನೀರಿಗೆ ಹೋಯಿತು. ಈ ನಡಿಗೆಯಲ್ಲಾದರೆ ತುಂಡು ತುಂಡು ಮಾಡಿ ಹಾಕಿದರೂ ಎರಡು ಹಗಲು ಬೇಕು. ಮೊದಲೆಲ್ಲ ಇದೇ ಪೆಟ್ಟಿಗೆ ಇಷ್ಟು ದೊಡ್ಡ ಮದುವೆಯನ್ನು ಒಂದೇ ಹಗಲಿನಲ್ಲಿ ಮುಗಿಸಿ, ಸಂಜೆಯ ಬಸ್ಸಿಗೆ ನಮ್ಮನ್ನು ಬಿಡುತ್ತಿತ್ತು.

ಮಾರನೆಯ ಬೆಳಿಗ್ಗೆ ನಮ್ಮ ಮನೆಯಿರುವ ಶಿರಂಗಾಲದಿಂದ ಬರುವ ಬಸ್ಸಿನಲ್ಲೇ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಹಚ್ಚಿದೆ. ನಮಗೆ ಬೇಕಾದವನು. ಮನೆಮಾತು ಮಲಯಾಳ, ಅಂಗಡಿ ನಮ್ಮ ಬೀದಿಯಲ್ಲೇ. ಆದರೆ ಆ ವಾರ ಮಡಿಕೇರಿಯಲ್ಲಿ ಯಾವುದೋ ಆಫೀಸಿನ ಕೆಲಸ ಹಿಡಿದು ಅಲ್ಲೇ ಇದ್ದ.

"ದಿನಾಂಕ ಹಿಂದೆ ಹೋಗಿತ್ತಾ ಅಜ್ಜಿ?"

"ಹೋಗಿತ್ತು."

"ಮೇನ್ ಆಫ್ ಮಾಡಿದ್ರಾ?"

"ಸಾವಿನ ಮನೆ ಅಲ್ವೇನಪ್ಪ, ಮಾಡ್ದೆ."

"ಅಷ್ಟೇ ಮಾರಾಯ್ರೆ. ಬೋರ್ಡಲ್ಲಿ ಒಂದು ವಾಚ್ ಸೆಲ್ ಥರದ್ದು ಇರ್ತದೆ. ಅದು ಯಾವತ್ತಿಂದಲೋ ಸಾಯ್ತಾ ಇತ್ತು. ಒಂದು ರಾತ್ರಿ ಕರೆಂಟ್ ಹೋದ್ರೆ ಹೇಗೋ ನೆನಪು ಇಟ್ಕೊಳ್ತಿತ್ತು. ನೀವು ಇಷ್ಟು ದಿನ ಮೇನ್ ತೆಗ್ದ್ರಿ, ಅದು ಪೂರ್ತಿ ಸತ್ತು ಎಲ್ಲ ಮರೀತು. ನಿಮ್ಮೆಜಮಾನ್ರು ಅದರ ಓಟ ಏರ್ಸಿಟ್ಟಿದ್ರು, ಓವರ್‌ಕ್ಲಾಕ್. ಅದೂ ಹೋಯ್ತು."

"ಎಷ್ಟಕ್ಕೆ ಏರ್ಸಿದ್ರು?"

"ಬೋರ್ಡಿನ ಓಟ ಇನ್ನೂರು ಇರೋದನ್ನ ಮುನ್ನೂರ ಮೂವತ್ಮೂರು ಮಾಡಿದೀನಿ ಅಂತ ನನ್ನತ್ರ ಜಂಬ ಕೊಚ್ಚೋರು. ಬೇರೆ ಏನೇನು ಮುಟ್ಟಿದ್ರೋ ಹೇಳ್ಲಿಲ್ಲ. ನಾನು ಕಲ್ತುಬಿಡ್ತೀನಿ ಅಂತ."

ಅವರು ಹಾಗೆಯೇ. ಮನೆಯಲ್ಲಿ ಉಪ್ಪಿನಕಾಯಿ ಭರಣಿ ಎಲ್ಲಿಟ್ಟಿದ್ದೇನೆ ಎಂದೂ ಹೇಳುತ್ತಿರಲಿಲ್ಲ.

ಅವನು ಫೋನಿನಲ್ಲಿ ತಿಳಿಸಿದ್ದು ಹೀಗೆ. ಬೋರ್ಡು ಒಂದು ತಾಳ ಹಾಕುತ್ತದೆ, ಇನ್ನೂರು. ಪ್ರೊಸೆಸರ್ ಅದರ ಒಂಬತ್ತರಷ್ಟು ಓಡುತ್ತದೆ. ತಾಳವನ್ನು ಮುನ್ನೂರ ಮೂವತ್ತಮೂರು ಮಾಡಿದರೆ ಪ್ರೊಸೆಸರ್ ತಾನಾಗಿಯೇ ಮೇಲೆ ಹೋಗುತ್ತದೆ. ರ‍್ಯಾಮ್, ಅಂದರೆ ಮೆಮೊರಿ ಕಡ್ಡಿಗಳೂ ಅದೇ ತಾಳಕ್ಕೆ ಓಡಬೇಕು. ಬೋರ್ಡಿಗೂ ಅವಕ್ಕೂ ಒಂದು ರೇಶಿಯೊ ಇರುತ್ತದೆ, ಈಗ ಇರುವುದು ಒಂದಕ್ಕೆ ಎರಡು. ಬೋರ್ಡು ಇನ್ನೂರು ಹಾಕಿದರೆ ಮೆಮೊರಿ ನಾನೂರು. "ರೇಶಿಯೊ ನೋಡ್ಕೊಳ್ಳಿ" ಎನ್ನುವಾಗ ಅವನನ್ನು ಯಾರೋ ಕರೆದರು. ಫೋನ್ ಕಡಿದ.

ಎದುರಿನ ವಾಚ್ ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿದೆ. ಡಿಲೀಟ್ ಗುಂಡಿಯನ್ನು ಟಕಟಕ ಕುಟ್ಟುತ್ತಾ ಕಂಪ್ಯೂಟರ್ ಹಾಕಿದರೆ ನೀಲಿ ಪರದೆಯ ಒಂದು ಪಟ್ಟಿ ತೆರೆಯುತ್ತದೆ, ಅದೇ ಬಯಾಸ್. ಸೊಸೆ ಸಾಲು ಓದಿದಳು, ನಾನು ಅಂಕಿ ಒತ್ತಿದೆ. ಇನ್ನೂರು ಇದ್ದಲ್ಲಿ ಮುನ್ನೂರ ಮೂವತ್ತಮೂರು.

"ಅತ್ತೆ, ಕೆಳಗೆ ಮೆಮೊರಿ ರೇಶಿಯೊ ಇದೆ. ಒಂದಕ್ಕೆ ಎರಡು ಅಂತಿದೆ. ಇದನ್ನೇನು ಮಾಡಣ?"

"ಅದನ್ನ ಮುಟ್ಬ್ಯಾಡ," ಎಂದೆ.

ನಾನು ಹುಟ್ಟಿದ್ದು ಗಾಳಿಬೀಡಿನಲ್ಲಿ. ಅಪ್ಪನ ಒಂದಿಷ್ಟು ಕಾಫಿ ತೋಟಕ್ಕೆ ಮಳೆಗಾಲದ ಮುಂಚೆ ಬೋರ್ಡೋ ಔಷಧಿ ಹೊಡೆಯುತ್ತಿದ್ದೆವು, ಕೊಳೆ ರೋಗ ಬಾರದ ಹಾಗೆ. ಕಲಸುವುದು ನನ್ನ ಕೆಲಸ. ಮೈಲುತುತ್ತ ಒಂದು ಸೇರು ಹಾಕಿದರೆ ಸುಣ್ಣ ಒಂದು ಸೇರು. ಡ್ರಮ್ಮು ದೊಡ್ಡದಾದರೆ ಎರಡನ್ನೂ ಏರಿಸು, ಚಿಕ್ಕದಾದರೆ ಎರಡನ್ನೂ ಇಳಿಸು. ಒಂದಕ್ಕೆ ಒಂದು ಎನ್ನುವ ಲೆಕ್ಕ ಮಾತ್ರ ತಪ್ಪಬಾರದು. ತಪ್ಪಿದರೆ ಎಲೆ ಸುಟ್ಟು ಹೋಗುತ್ತದೆ. ಕಲಸಿ ಆದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುವುದು. ಅಲಗಿನ ಮೇಲೆ ಕೆಂಪು ಹಿಡಿದರೆ ಸುಣ್ಣ ಸಾಲದು. ಇಷ್ಟು ನನ್ನ ಕೈಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಅಳತೆ ಏರಿಸು, ಪಾಲು ಮುಟ್ಟಬೇಡ.

ಉಳಿಸಿ ಹೊರಬಂದೆವು. ಫ್ಯಾನ್ ತಿರುಗಿತು. ಪರದೆ ಕಪ್ಪು. ಒಂದು ಬೀಪ್ ಕೂಡ ಇಲ್ಲ. ಮತ್ತೆ ಹಾಕಿ ಆರಿಸಿ ನೋಡಿದೆವು. ಅದೇ ಕಪ್ಪು.

"ಹೋಯ್ತಾ ಅತ್ತೆ?" ಸೊಸೆಯ ದನಿ ಸಣ್ಣಗಾಯಿತು. ಆ ಮದುವೆ ಇದ್ದದ್ದು ಆ ಪೆಟ್ಟಿಗೆಯೊಳಗೆ. ನಮ್ಮ ಹಳೆಯ ಸಾಫ್ಟ್‌ವೇರ್ ಬೇರೆ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ.

"ಹೋದ್ರೆ ಹೋಯ್ತು," ಎಂದೆ. ಆಗ ನನಗೆ ನಿಜಕ್ಕೂ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಗೊತ್ತಾಗುತ್ತಿತ್ತು, ಅಷ್ಟೇ.

ರಿಪೇರಿಯವನು ಮತ್ತೆ ಸಿಕ್ಕಿದಾಗ ಮೊದಲು ನಕ್ಕ. "ರೇಶಿಯೊ ಹಾಗೇ ಬಿಟ್ರಾ? ಲೆಕ್ಕ ಹಾಕಿ ನೋಡಿ ಅಜ್ಜಿ. ಮುನ್ನೂರ ಮೂವತ್ಮೂರಕ್ಕೆ ಒಂದಕ್ಕೆರಡು ಅಂದ್ರೆ ಎಷ್ಟು?"

"ಆರುನೂರ ಅರವತ್ತಾರು."

"ಕಡ್ಡಿ ಮೇಲೆ ಎಂಟುನೂರು ಅಂತ ಬರ್ದಿರ್ತದೆ, ಅದರ ಅರ್ಧ ಹಿಡೀರಿ. ನಾನೂರರ ಕಡ್ಡಿನ ಆರುನೂರ ಅರವತ್ತಾರಕ್ಕೆ ಓಡ್ಸಿದ್ರೆ ಅದು ಹೇಗೆ ಓಡ್ತದೆ?"

"ಎರಡನ್ನೂ ಒಂದೇ ಪಾಲಲ್ಲಿ ಏರಿಸ್ಬೇಕಲ್ವ?"

"ಯಾರು ಹೇಳಿದ್ದು? ಬೋರ್ಡನ್ನ ಏರ್ಸಿ, ಮೆಮೊರಿನ ಇದ್ದಲ್ಲೇ ನಿಲ್ಸಿ. ಅದಕ್ಕೇ ರೇಶಿಯೊ ಇಳಿಸ್ಬೇಕು. ಐದಕ್ಕೆ ಆರು ಅಂತ ಒಂದು ಇರ್ತದೆ. ಅದು ಹಾಕಿದ್ರೆ ಸರಿಯಾಗಿ ನಾನೂರಕ್ಕೆ ಬಂದು ನಿಲ್ತದೆ."

ಬೋರ್ಡೋ ಕಥೆ ಹೇಳಿದೆ. ಅವನು ಮತ್ತೆ ನಗಲಿಲ್ಲ. "ಅಲ್ಲಿ ಎರಡೂ ಒಂದೇ ಡ್ರಮ್ಮಿಗೆ ಬೀಳ್ತದೆ ಅಜ್ಜಿ. ಇಲ್ಲಿ ಹಾಗಲ್ಲ. ಒಬ್ಬ ಗಂಡಾಳು, ಒಬ್ಬ ಮುದುಕಿ ಒಟ್ಟಿಗೆ ನಡ್ದ ಹಾಗೆ. ಅವನು ಜೋರು ಹೆಜ್ಜೆ ಹಾಕ್ತಾನೆ ಅಂತ ಅವಳು ಅವನಷ್ಟೇ ಜೋರಾಗಕ್ಕೆ ಆಗ್ತದಾ? ಅವಳಿಗೆ ಅವಳ ಹೆಜ್ಜೆ ಬಿಡ್ಬೇಕು."

"ಮುದುಕಿ ಉದಾಹರಣೆನೇ ಬೇಕಿತ್ತಾ ನಿಂಗೆ?"

"ತಪ್ಪಾಯ್ತು ಮಾರಾಯ್ರೆ."

ವೈರು ಕಿತ್ತು, ಸೆಲ್ ತೆಗೆದು, ಪವರ್ ಗುಂಡಿಯನ್ನು ಒತ್ತಿ ಹಿಡಿದು ಬಿಟ್ಟು, ಮತ್ತೆ ಸೆಲ್ ಹಾಕಲು ಹೇಳಿದ. ಹಾಗೆ ಮಾಡಿದೆ. ಪರದೆ ಬಂತು. ದಿನಾಂಕ ಮತ್ತೆ ಹಳೆಯ ವರ್ಷಕ್ಕೆ ಹೋಗಿತ್ತು. ಈ ಸಲ ನಾನೇ ತಿದ್ದಿದೆ.

ಬೋರ್ಡು ಮುನ್ನೂರ ಮೂವತ್ತಮೂರು, ರೇಶಿಯೊ ಐದಕ್ಕೆ ಆರು. ಉಳಿಸಿ ಹೊರಬಂದರೆ ಕಂಪ್ಯೂಟರ್ ಎದ್ದಿತು. ಸೊಸೆ ಚಪ್ಪಾಳೆ ಹೊಡೆದಳು. ಮೆಮೊರಿ ಪರೀಕ್ಷೆ ಮಾಡದೆ ಕೆಲಸ ಹಚ್ಚಬೇಡಿ ಎಂದು ರಿಪೇರಿಯವನು ಹೇಳಿದ್ದ. ಆ ಪರೀಕ್ಷೆಯ ಸಿಡಿ ಯಜಮಾನರ ಡ್ರಾಯರಿನಲ್ಲೇ ಇತ್ತು. ನೀಲಿ ಪರದೆಯ ಮೇಲೆ ಅಂಕಿಗಳು ಓಡುತ್ತವೆ, ತಪ್ಪು ಸಿಕ್ಕರೆ ಕೆಂಪು ಗೆರೆ ಬರುತ್ತದೆ. ಕತ್ತಿ ಅದ್ದಿ ನೋಡುವುದೇ ಇದು, ಕೆಂಪು ಕಂಡರೆ ಕೆಟ್ಟದ್ದು ಎನ್ನುವುದೂ ಅದೇ. ಒಂದು ಸುತ್ತು ಬಿಟ್ಟೆವು. ಕೆಂಪು ಬರಲಿಲ್ಲ. ಪೂರ್ತಿ ಬಿಡಲು ಹೊತ್ತಿಲ್ಲ ಎಂದು ರೆಂಡರ್ ಹಚ್ಚಿಬಿಟ್ಟೆ. ತಡವಾಗಿತ್ತು, ಆದರೂ ಯಜಮಾನರ ಓಟ ಬಂದಿತ್ತು. ಪಟ್ಟಿ ಸರಸರ ಸಾಗಿತು. ಚಪ್ಪರ ದಾಟಿತು, ವರಪೂಜೆ ದಾಟಿತು.

ಮಧ್ಯಾಹ್ನ ಕುಶಾಲನಗರ ಕಾವಲಿಯ ಹಾಗೆ ಕಾಯುತ್ತದೆ. ತಂಪಿನ ಗಾಳಿಬೀಡಿನವರಿಗೆ ಹೇಳಿದರೆ ಇದೂ ಕೊಡಗೇ ಎಂದು ನಂಬುವುದಿಲ್ಲ. ನಮ್ಮ ತಗಡಿನ ಸೂರು ಟಕ್ ಟಕ್ ಎನ್ನತೊಡಗಿತು. ಊಟ ಮಾಡಿ ಬಂದು, ಅಲ್ಲಿಯವರೆಗೆ ಆದದ್ದನ್ನು ನೋಡಲು ರೆಂಡರ್ ನಿಲ್ಲಿಸಿ ತೆರೆದೆವು. ಹೆಣ್ಣಿನ ಹಣೆಯ ಮೇಲೆ ಹಸಿರು ಚೌಕ. ಬಾಸಿಂಗದ ಜಾಗದಲ್ಲಿ ಇನ್ನೊಂದು. ಮುಂದೆ ಹೋದಂತೆ ಪುರೋಹಿತರ ಮುಖವೇ ಇಲ್ಲ, ಹಸಿರು ಹಲಗೆ.

"ಕಲ್ಲು ಹೊಡ್ದ ಕನ್ನಡಿ ಆಗಿದೆ," ಎಂದಳು ಸೊಸೆ. ಅವಳು ಅಳುತ್ತಿದ್ದಳು. ಅವಳಿಗೆ ಬರುತ್ತದೆ.

ಸಿಡಿ ಹಾಕಿ ಮತ್ತೆ ಪರೀಕ್ಷೆ ಬಿಟ್ಟರೆ ಕೆಂಪು ಗೆರೆಗಳು ಇರುವೆ ಸಾಲಿನ ಹಾಗೆ ಬಂದವು. ಬೆಳಗಿನ ತಂಪಿನಲ್ಲಿ ಪಾಸಾದದ್ದು ಮಧ್ಯಾಹ್ನದ ಸೆಕೆಗೆ ಫೇಲು.

"ವೋಲ್ಟೇಜ್ ಏರ್ಸಿರ್ತಾರೆ ನಿಮ್ಮೆಜಮಾನ್ರು," ಎಂದ ರಿಪೇರಿಯವನು. "ಎಷ್ಟು ಅಂತ ಗೊತ್ತಿಲ್ಲ. ನೀವೂ ಒಂಚೂರು ಒಂಚೂರೇ ಏರ್ಸಿ ನೋಡ್ಬಹುದು. ಆದ್ರೆ ಬೋರ್ಡು ಮುದುಕ. ಸುಟ್ರೆ ಅದರ ಜೋಡಿ ಎಲ್ಲೂ ಸಿಗಲ್ಲ. ನಿಮ್ಮಿಷ್ಟ."

ನಾನು ಫೋನ್ ಇಟ್ಟೆ. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಹಿಡಿದಿದ್ದೆವು, ಅದು ಒಳಗಿನ ಧೂಳನ್ನು ನನ್ನ ಮುಖಕ್ಕೆ ಊದುತ್ತಿತ್ತು. ಮುನ್ನೂರ ಮೂವತ್ತಮೂರು ಅವರ ಅಂಕಿ. ಅದನ್ನು ಹಿಡಿದು ನಿಲ್ಲಿಸಲು ಅವರಿಗೆ ಏನೇನು ಗೊತ್ತಿತ್ತೋ ಅದು ಅವರ ಜೊತೆಗೆ ಹೋಗಿದೆ. ಅಂಕಿ ಮಾತ್ರ ಉಳಿದಿದೆ. ಬರೀ ಅಂಕಿ ಹಿಡಿದುಕೊಂಡು ನಾನು ರೈಟರ ಮಗಳ ಮದುವೆ ಸುಡುತ್ತಿದ್ದೇನೆ.

"ಇಳಿಸು," ಎಂದೆ ಸೊಸೆಗೆ.

"ಎಷ್ಟಕ್ಕೆ?"

"ಮುನ್ನೂರು. ರೇಶಿಯೊ ಒಂದಕ್ಕೊಂದು. ಮೆಮೊರಿ ಕಡ್ಡಿಗೂ ಮುನ್ನೂರೇ ಸಾಕು, ಅದು ಉಸಿರಾಡ್ಕೊಂಡು ಹೋಗ್ಲಿ."

"ಮಾವನಷ್ಟು ಜೋರು ಬರಲ್ಲ ಅತ್ತೆ. ನಾಳೆ ಸಂಜೆಗೆ ಆಗ್ದೆ ಇದ್ರೆ?"

"ಮಾವ ಇಲ್ಲ ಕಣೆ," ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಇಳಿಸಿದಳು.

ಅದೇ ಸೆಕೆಯಲ್ಲಿ, ಟೇಬಲ್ ಫ್ಯಾನಿನ ಮುಂದೆ, ಪರೀಕ್ಷೆಯನ್ನು ಈ ಸಲ ಪೂರ್ತಿ ಬಿಟ್ಟೆವು. ನಾನು ಕಣ್ಣು ಕೀಳದೆ ಕೂತೆ. ಸುತ್ತಿನ ಮೇಲೆ ಸುತ್ತು ಹೋಯಿತು. ಕೆಂಪು ಬರಲಿಲ್ಲ. ಸಂಜೆ ಗಾಳಿ ಎದ್ದು ಕರೆಂಟ್ ಹೋಗುವವರೆಗೂ ಬರಲಿಲ್ಲ. ಹೊಸ ಸೆಲ್ ಇತ್ತು, ಆದರೂ ಮೇನ್ ಸ್ವಿಚ್ಚನ್ನು ಮುಟ್ಟದೆ ಷಟರ್ ಎಳೆದೆ.

ಮರುದಿನ ಮೊದಲ ಬಸ್ಸಿಗೆ ಬಂದೆವು. ಕರೆಂಟ್ ಇತ್ತು. ಅಂಕಿಗಳು ಇಟ್ಟಲ್ಲೇ ಇದ್ದವು. ರೆಂಡರ್ ಹಾಕಿ ಎದುರಿಗೆ ಕುರ್ಚಿ ಎಳೆದುಕೊಂಡೆ. ಅವರ ಓಟಕ್ಕಿಂತ ನಿಧಾನ, ಸತ್ತ ಸೆಲ್ಲಿನ ನಡಿಗೆಗಿಂತ ಜೋರು. ಮಧ್ಯಾಹ್ನ ಸೂರು ಟಕ್ ಟಕ್ ಎಂದಾಗ ಸೊಸೆ ಕೈಮುಗಿದು ಕೂತಳು. ನಾನು ಫ್ಯಾನಿನ ಮುಖ ತಿರುಗಿಸಿದೆ. ಸಂಜೆ ಬೆಟ್ಟದ ಕಡೆ ಮೋಡ ಕಟ್ಟುವ ಹೊತ್ತಿಗೆ ಪಟ್ಟಿ ತುಂಬಿತು.

ಕೊಡುವ ಮುಂಚೆ ಓಡಿಸಿ ನೋಡಿದೆವು. ಹಸಿರಿಲ್ಲ, ಒಡಕಿಲ್ಲ. ಧಾರೆಯ ಹತ್ತಿರ ಬಂದಾಗ ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು.

ಕ್ಯಾಮೆರಾದವನ ದನಿಯನ್ನು ಯಾರೂ ಮದುವೆ ವಿಡಿಯೊದಲ್ಲಿ ಇಡುವುದಿಲ್ಲ. ಆಚೆ ನಿಲ್ಲಿ, ತಲೆ ಎತ್ತಿ ಎನ್ನುವುದನ್ನೆಲ್ಲ ತೆಗೆದು ಮೇಲೆ ಹಾಡು ಹೊದಿಸುತ್ತಾರೆ. ಇವಳೂ ಎಲ್ಲ ಕಡೆ ತೆಗೆದಿದ್ದಳು. ಒಂದು ಕಡೆ ತಪ್ಪಿತ್ತು. ಧಾರೆ ಮುಗಿಯುತ್ತಲೇ ಹಾಡು ನಿಂತು ಇನ್ನೊಂದು ಶುರುವಾಗುವ ನಡುವೆ ನಮ್ಮ ಯಜಮಾನರು ಬಾಯಿ ಹಾಕಿದ್ದರು. ಎಲ್ಲ ಮದುವೆಯಲ್ಲೂ ಆ ಹೊತ್ತಿಗೆ ಅವರು ಕೂಗುವುದು ಅದನ್ನೇ. ಹೆಣ್ಣಿನ ಅಪ್ಪನನ್ನು ಹೆಣ್ಣಿನ ಪಕ್ಕ ನಿಲ್ಲಿಸಿ ತೆಗೆಯಬೇಕಲ್ಲ. ಇಲ್ಲಿ ಅಪ್ಪ ಇಲ್ಲ, ಆಸ್ಪತ್ರೆಯಲ್ಲಿದ್ದಾರೆ ಎನ್ನುವುದು ಅವರಿಗೆ ಮರೆತು ಹೋಗಿತ್ತು.

"ಅಯ್ಯೋ, ಇದನ್ನ ಅವ್ರು ಕೇಳಿದ್ರೆ ಏನಂದ್ಕೋತಾರೆ? ತೆಗೀಲಾ?"

ಆ ಸಾಫ್ಟ್‌ವೇರಿನಲ್ಲಿ ಒಂದು ಮಾತು ತೆಗೆಯಬೇಕಾದರೂ ಇಡೀ ಮದುವೆಯನ್ನು ಮತ್ತೆ ಇಳಿಸಬೇಕು. ಯಜಮಾನರ ಓಟದಲ್ಲಿ ಆಗಿದ್ದರೆ ಎಷ್ಟೋ ಹೊತ್ತಿನ ಮುಂಚೆಯೇ ಮುಗಿದು, ಆ ಮಾತು ಬೇಗ ಕಣ್ಣಿಗೆ ಬಿದ್ದು, ತಿದ್ದಲು ಒಂದು ದಾರಿ ಇರುತ್ತಿತ್ತೋ ಏನೋ. ಮುನ್ನೂರಕ್ಕೆ ಆ ದಾರಿ ಇಲ್ಲ. ಹೊರಗೆ ಗಾಳಿ ಆಗಲೇ ಎದ್ದಿತ್ತು.

"ಪೆನ್ ಡ್ರೈವಿಗೆ ಹಾಕು. ಅಲ್ಲಿ ನಾನೇ ರಿಮೋಟ್ ಹಿಡ್ಕೊಂಡು ಕೂತು ಆ ಮಾತು ಬರೋ ಹೊತ್ಗೆ ದನಿ ಮುಚ್ತೀನಿ."

ಫೈಲು ಪೆನ್ ಡ್ರೈವಿಗೆ ಇಳಿದು ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು.

ಮರುದಿನ ಬೆಳಿಗ್ಗೆ ರೈಟರಿಗೆ ಜ್ಞಾನ ಇರುವ ಹೊತ್ತಿಗೆ ನಾನು ಅಮ್ಮತ್ತಿಯಲ್ಲಿ ಇಳಿದು, ಎಸ್ಟೇಟಿನ ಜೀಪಿನಲ್ಲಿ ಆಳುಗಳ ಲೈನ್ ಮನೆಗಳನ್ನು ದಾಟಿ ಅವರ ಮನೆಗೆ ಹೋದೆ. ಮಂಚವನ್ನು ಟಿವಿಯ ಎದುರಿಗೆ ಎಳೆದಿದ್ದರು. ಮನುಷ್ಯ ಹಾಸಿಗೆಯಲ್ಲಿ ಇದ್ದೂ ಇಲ್ಲದ ಹಾಗಿದ್ದರು. ಕಣ್ಣು ಮಾತ್ರ ಚುರುಕು.

"ನಿಮ್ಮೆಜಮಾನ್ರು ಹೋದ್ರಂತೆ," ಎಂದರು.

"ಹೂಂ."

"ಮೊದ್ಲು ನಾನು ಹೋಗ್ತೀನಿ ಅಂದ್ಕೊಂಡಿದ್ದೆ. ಕ್ಯೂ ತಪ್ಸಿ ಮುಂದೆ ಹೋಗ್ಬಿಟ್ರು." ನಗಲು ಹೋಗಿ ಕೆಮ್ಮಿದರು. "ಹಾಕಿ. ಚಪ್ಪರದಿಂದ ಹಾಕಿ."

ಹಾಕಿದೆ. ಟಿವಿ ಓದಿತು. ಚಪ್ಪರದ ಕಂಬದಿಂದ ಶುರುವಾಯಿತು. ಅವರು ತೋಟದಲ್ಲಿ ಆಳು ಎಣಿಸುವ ಹಾಗೆ ಬಂದವರನ್ನೆಲ್ಲ ಎಣಿಸುತ್ತಾ, ಯಾರು ಬಂದಿಲ್ಲ ಎಂದು ಹೆಂಡತಿಯನ್ನು ಕೇಳುತ್ತಾ ನೋಡಿದರು. ಅವರ ತಮ್ಮ ಧಾರೆಗೆ ಬಂದು ಕೂತಾಗ, "ಅದು ನನ್ ಕೋಟು," ಎಂದರು.

"ಹೊಸ್ದು ಹೊಲ್ಸಕ್ಕೆ ಎಲ್ಲಿ ಟೈಮಿತ್ತು?" ಎಂದರು ಹೆಂಡತಿ.

"ಇರ್ಲಿ. ಗುಂಡಿ ಹಾಕಕ್ಕೆ ಆಗಿಲ್ಲ ನೋಡು ಹೊಟ್ಟೆಗೆ."

ನಾನು ರಿಮೋಟ್ ಹಿಡಿದು ಮಂಚದ ಕಾಲಿನ ಹತ್ತಿರ ನಿಂತಿದ್ದೆ. ಧಾರೆಯ ನೀರು ಬಿತ್ತು. ನೀರು ಬೀಳುವಷ್ಟು ಹೊತ್ತೂ ರೈಟರು ರೆಪ್ಪೆ ಬಡಿಯಲಿಲ್ಲ. ಆಮೇಲೆ ಕಣ್ಣು ಮುಚ್ಚಿದರು. ಹಾಡು ಮುಗಿಯುತ್ತಾ ಬಂತು. ದನಿ ಮುಚ್ಚುವ ಗುಂಡಿ ಒತ್ತಿದೆ. ಮುಚ್ಚಲಿಲ್ಲ. ಮತ್ತೆ ಒತ್ತಿದೆ. ಅಂಗೈಗೆ ಬಡಿದು ಒತ್ತಿದೆ. ಹಾಡು ನಿಂತಿತು.

"ಹೆಣ್ಣಿನ ಅಪ್ಪ ಎಲ್ಲಿ?" ಎಂದರು ನಮ್ಮ ಯಜಮಾನರು. ಆ ಚಿಕ್ಕ ಕೋಣೆಯಲ್ಲಿ ಅವರ ದನಿ ಗೋಡೆಗೆ ತಗುಲಿತು. "ಹೆಣ್ಣಿನ ಅಪ್ಪ! ಮುಂದೆ ಬನ್ನಿ ಸ್ವಾಮಿ, ಮಗಳ ಪಕ್ಕ ನಿಂತ್ಕೊಳಿ."

ರೈಟರು ಕಣ್ಣು ಬಿಟ್ಟರು.

"ಬಂದೆ," ಎಂದರು.

ಹೊದಿಕೆಯ ಕೆಳಗಿನಿಂದ ಒಂದು ಕೈ ಹೊರಗೆ ಬಂದು ಹಾಸಿಗೆಗೆ ಊರಿತು. ಏಳಲು ನೋಡಿದರು. ಹೆಂಡತಿ ಓಡಿ ಬಂದು ಬೆನ್ನಿಗೆ ಕೈ ಕೊಟ್ಟರು.

"ಬಂದೆ, ಬಂದೆ."

ಟಿವಿಯೊಳಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಒಬ್ಬರು ಕ್ಯಾಮೆರಾದ ಹತ್ತಿರ ಬಂದು ಏನೋ ಪಿಸುಗುಟ್ಟಿದರು. ಸ್ವಲ್ಪ ಹೊತ್ತು ಬರೀ ಗದ್ದಲ.

"ಓ, ಸರಿ ಸರಿ," ಎಂದರು ಯಜಮಾನರು. "ಇರ್ಲಿ ಬಿಡಿ. ಅವ್ರು ಬಂದ್ಮೇಲೆ ತಗಳಣ."

ಹಾಡು ಶುರುವಾಯಿತು. ಹೆಂಡತಿಯ ತೋಳಿಗೆ ಒರಗಿ ಅವರು ಎದ್ದು ಕೂತಿದ್ದರು, ಕಣ್ಣು ಟಿವಿಯ ಮೇಲೆ. ನಾನು ರಿಮೋಟನ್ನು ಕಿಟಕಿಯ ಮೇಲಿಟ್ಟು ನೆಲದ ಮೇಲೆ ಕೂತೆ. ಹೆಣ್ಣು ಕಳಿಸಿಕೊಡುವುದು ಇನ್ನೂ ಬಾಕಿ ಇತ್ತು.